ಏಳು ವಲಯ, ಒಂದೇ ಹಗಲು: ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಯಾವುದನ್ನು ಆರಿಸಬೇಕು?

ಲಾಲ್‌ಬಾಗಿನ ವಿಸ್ತೀರ್ಣ 240 ಎಕರೆ. ಸಿಂಗಪುರದ ಸೆಂಟೋಸಾ ದ್ವೀಪದಲ್ಲಿರುವ, ಸಿನಿಮಾಗಳನ್ನೇ ವಿಷಯವಾಗಿಸಿಕೊಂಡ ಮನರಂಜನಾ ಪಾರ್ಕು ಯೂನಿವರ್ಸಲ್ ಸ್ಟುಡಿಯೋಸ್ ಅದರ ಐದರಲ್ಲೊಂದು ಪಾಲಿನಷ್ಟಿದೆ, ಸುಮಾರು 49 ಎಕರೆ. ನಡುವೆ ಒಂದು ಕೊಳ, ಅದರ ಸುತ್ತ ಏಳು ವಲಯಗಳು. ಎಲ್ಲಿಯೂ ನಿಲ್ಲದೆ ನಡೆದರೆ ಅರ್ಧ ಗಂಟೆಯೊಳಗೆ ಒಂದು ಸುತ್ತು ಮುಗಿದುಹೋಗುತ್ತದೆ. ಹಾಗಿದ್ದರೂ ಅಲ್ಲಿಗೆ ಹೋಗಿಬಂದವರ ಬಾಯಲ್ಲಿ ಎಲ್ಲವನ್ನೂ ನೋಡಲಾಗಲಿಲ್ಲ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಕಾರಣ ದೂರವಲ್ಲ, ಸರತಿ ಸಾಲು. ಟಿಕೆಟ್ ಇಡೀ ಪಾರ್ಕಿಗೆ ಒಂದೇ ಆಗಿರುವುದರಿಂದ ವಲಯಗಳ ನಡುವಿನ ಆಯ್ಕೆ ಹಣದ ಪ್ರಶ್ನೆಯಲ್ಲ; ಒಂದು ಹಗಲಿನ ಎಂಟೊಂಬತ್ತು ಗಂಟೆಗಳನ್ನು ಎಲ್ಲಿ ಖರ್ಚು ಮಾಡಬೇಕು ಎಂಬ ಪ್ರಶ್ನೆ.

ಹೆಚ್ಚಿನವರು ತಮಗೆ ಇಷ್ಟವಾದ ಸಿನಿಮಾ ಯಾವುದೋ ಆ ವಲಯದತ್ತ ಮೊದಲು ನಡೆಯುತ್ತಾರೆ. ಇದು ಸಹಜವಾದರೂ ಅಷ್ಟು ಉಪಯೋಗವಿಲ್ಲದ ಅಳತೆಗೋಲು. ಸಿನಿಮಾ ನೋಡುವುದು ಕಣ್ಣಿನ ಕೆಲಸ, ರೈಡ್ ಹತ್ತುವುದು ಇಡೀ ದೇಹದ ಕೆಲಸ. ಆದ್ದರಿಂದ ನಿಮ್ಮ ಗುಂಪಿನ ಅತ್ಯಂತ ಗಿಡ್ಡ ಮಗುವಿನ ಎತ್ತರ, ಅತ್ಯಂತ ಹಿರಿಯರ ಬೆನ್ನು ಮತ್ತು ಮಂಡಿ, ಘಾಟಿ ರಸ್ತೆಯ ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕ, ಈ ಮೂರನ್ನು ಮುಂದಿಟ್ಟುಕೊಂಡು ವಲಯಗಳನ್ನು ಹೋಲಿಸುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಮೊದಲು ನಕ್ಷೆ. ಒಳಗೆ ಕಾಲಿಟ್ಟ ಕೂಡಲೇ ಸಿಗುವುದು ಹಾಲಿವುಡ್ ವಲಯ. ಅಲ್ಲಿಂದ ಬಲಕ್ಕೆ ತಿರುಗಿದರೆ ಕ್ರಮವಾಗಿ ನ್ಯೂಯಾರ್ಕ್, ಸೈ-ಫೈ ಸಿಟಿ, ಪ್ರಾಚೀನ ಈಜಿಪ್ಟ್, ಲಾಸ್ಟ್ ವರ್ಲ್ಡ್, ಫಾರ್ ಫಾರ್ ಅವೇ, ಕೊನೆಗೆ ಮಿನಿಯನ್ ಲ್ಯಾಂಡ್. ಎಡಕ್ಕೆ ತಿರುಗಿದರೆ ಇದೇ ಕ್ರಮ ತಿರುವುಮುರುವಾಗುತ್ತದೆ. ಹಳೆಯ ಪ್ರವಾಸ ಬರಹಗಳಲ್ಲೂ ವಿಡಿಯೊಗಳಲ್ಲೂ ಮಿನಿಯನ್ ಲ್ಯಾಂಡಿನ ಜಾಗದಲ್ಲಿ ಮಡಗಾಸ್ಕರ್ ಎಂಬ ವಲಯದ ವರ್ಣನೆ ಇರುತ್ತದೆ. ಅದು 2022ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ 2025ರ ಫೆಬ್ರವರಿ 14ರಂದು ಮಿನಿಯನ್ ಲ್ಯಾಂಡ್ ತೆರೆಯಿತು. ದೋಣಿಯಲ್ಲಿ ಕುಳಿತು ಮಡಗಾಸ್ಕರಿನ ಪ್ರಾಣಿಗಳನ್ನು ನೋಡಬಹುದೆಂದು ಮಕ್ಕಳಿಗೆ ಮಾತು ಕೊಟ್ಟಿದ್ದರೆ ಅದನ್ನು ಈಗಲೇ ಹಿಂದಕ್ಕೆ ಪಡೆಯುವುದು ಒಳ್ಳೆಯದು.

ಮನೆಯಲ್ಲೇ ಅಳೆದು ಹೊರಡಿ

ದೊಡ್ಡ ರೈಡ್‌ಗಳ ಬಾಗಿಲಲ್ಲಿ ಎತ್ತರ ಅಳೆಯುವ ಪಟ್ಟಿ ಇರುತ್ತದೆ. ಅಲ್ಲಿ ನಿಂತ ಸಿಬ್ಬಂದಿ ಒಂದು ಸೆಂಟಿಮೀಟರಿಗೂ ರಿಯಾಯಿತಿ ಕೊಡುವುದಿಲ್ಲ, ಕೊಡಲೂ ಬಾರದು. ಸೈ-ಫೈ ಸಿಟಿಯ ಜೋಡಿ ರೋಲರ್ ಕೋಸ್ಟರಿಗೆ 125 ಸೆಂಟಿಮೀಟರ್ ಬೇಕು, ಈಜಿಪ್ಟಿನ ಮಮ್ಮಿ ರೈಡಿಗೆ 122, ಲಾಸ್ಟ್ ವರ್ಲ್ಡ್‌ನ ನೀರಿನ ರೈಡಿಗೆ 107, ಟ್ರಾನ್ಸ್‌ಫಾರ್ಮರ್ಸ್‌ಗೆ 102, ಫಾರ್ ಫಾರ್ ಅವೇಯ ಪುಸ್ ಇನ್ ಬೂಟ್ಸ್ ರೈಡಿಗೆ 100, ಅದೇ ವಲಯದ ಸಣ್ಣ ಕೋಸ್ಟರ್ ಎನ್‌ಚಾಂಟೆಡ್ ಏರ್‌ವೇಸಿಗೂ ಲಾಸ್ಟ್ ವರ್ಲ್ಡ್‌ನ ಕೆನೊಪಿ ಫ್ಲೈಯರಿಗೂ 92. ಕನಿಷ್ಠ ಎತ್ತರ ದಾಟಿದ್ದರೂ 122ಕ್ಕಿಂತ ಕಡಿಮೆ ಇರುವ ಮಕ್ಕಳ ಜೊತೆ ದೊಡ್ಡವರೊಬ್ಬರು ಕೂರಬೇಕಾಗುತ್ತದೆ.

ಈ ಸಂಖ್ಯೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅರ್ಧ ನಿರ್ಧಾರ ತಾನಾಗಿಯೇ ಆಗಿಬಿಡುತ್ತದೆ. ಒಂದು ಮೀಟರಿಗಿಂತ ಗಿಡ್ಡ ಮಗುವಿರುವ ಮನೆಯವರಿಗೆ ಪಾರ್ಕಿನ ಬಲಭಾಗ ಬಹುಪಾಲು ಮುಚ್ಚಿದಂತೆಯೇ. ಅವರು ಎಡಕ್ಕೆ ತಿರುಗಬೇಕು. ಒಂದು ಮೀಟರಿನಿಂದ 120 ಸೆಂಟಿಮೀಟರ್‌ವರೆಗಿನ ಮಕ್ಕಳಿರುವವರದೇ ನಿಜವಾದ ಪೇಚು: ಆ ಮಕ್ಕಳು ಮಿನಿಯನ್ ಲ್ಯಾಂಡನ್ನು ಪಾಪುಗಳ ಜಾಗವೆಂದು ಮೂಗು ಮುರಿಯುವ ವಯಸ್ಸಿನಲ್ಲಿರುತ್ತಾರೆ, ಮಮ್ಮಿ ರೈಡಿನ ಪಟ್ಟಿಯನ್ನು ಮುಟ್ಟುವಷ್ಟು ಬೆಳೆದಿರುವುದಿಲ್ಲ. ಅಂಥವರಿಗೆ ಟ್ರಾನ್ಸ್‌ಫಾರ್ಮರ್ಸ್ ಮತ್ತು ಪುಸ್ ಇನ್ ಬೂಟ್ಸ್ ಎರಡೂ ವರದಾನ.

ಸೈ-ಫೈ ಸಿಟಿಯೋ, ಈಜಿಪ್ಟೋ

ಎದೆ ಝಲ್ಲೆನ್ನುವ ಅನುಭವಕ್ಕಾಗಿಯೇ ಹೋಗುವವರು ಈ ಎರಡರ ನಡುವೆ ಆರಿಸಬೇಕು. ಎರಡೂ ಪಕ್ಕಪಕ್ಕದಲ್ಲೇ ಇದ್ದರೂ ಸ್ವಭಾವದಲ್ಲಿ ಅಜಗಜಾಂತರ.

ಸೈ-ಫೈ ಸಿಟಿಯ ಗುರುತು ದೂರದಿಂದಲೇ ಕಾಣುವ ಕೆಂಪು ಮತ್ತು ನೀಲಿ ಹಳಿಗಳು. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಎಂಬ ಈ ಜೋಡಿ ಕೋಸ್ಟರ್ 42.5 ಮೀಟರ್ ಎತ್ತರಕ್ಕೆ ಏರುತ್ತದೆ. ಕೆಂಪು ಹಳಿಯ ಹ್ಯೂಮನ್‌ನಲ್ಲಿ ನಾವು ಹಳಿಯ ಮೇಲೆ ಕುಳಿತಿರುತ್ತೇವೆ. ಅದು ತಲೆಕೆಳಗಾಗುವುದಿಲ್ಲ, ಆದರೆ ವೇಗ ಗಂಟೆಗೆ 90 ಕಿಲೋಮೀಟರಿನವರೆಗೆ ಹೋಗುತ್ತದೆ. ನೀಲಿ ಹಳಿಯ ಸೈಲಾನ್‌ನಲ್ಲಿ ಹಳಿ ತಲೆಯ ಮೇಲಿರುತ್ತದೆ, ಕಾಲುಗಳು ಗಾಳಿಯಲ್ಲಿ ತೂಗಾಡುತ್ತಿರುತ್ತವೆ, ಹಲವು ಬಾರಿ ತಲೆ ಕೆಳಗಾಗುತ್ತದೆ. ಇವೆರಡರಲ್ಲಿ ಒಂದನ್ನೇ ಹತ್ತುವುದಾದರೆ ಸೈಲಾನ್ ಆರಿಸಿಕೊಳ್ಳಿ. ನೇರ ವೇಗಕ್ಕಿಂತ ನೆಲ ಯಾವ ಕಡೆಗಿದೆ ಎಂಬುದೇ ಗೊತ್ತಾಗದ ಸ್ಥಿತಿ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಈ ಕೋಸ್ಟರ್ 2013ರ ಜುಲೈನಲ್ಲಿ ಪರಿಶೀಲನೆಗಾಗಿ ನಿಂತು 2015ರ ಮೇ ತಿಂಗಳಿನಲ್ಲಿ ಮತ್ತೆ ಆರಂಭವಾಯಿತು. ಆಗ ನಾಲ್ಕು ಸೀಟಿನ ಸಾಲುಗಳು ಎರಡು ಸೀಟಿನವಾದವು. ಹೀಗಾಗಿ ಒಂದು ಬಾರಿಗೆ ಹೋಗುವ ಜನ ಕಡಿಮೆ, ಸಾಲು ಕರಗುವುದು ನಿಧಾನ.

ಇದೇ ವಲಯದ ಟ್ರಾನ್ಸ್‌ಫಾರ್ಮರ್ಸ್ ಬೇರೆ ಜಾತಿಯದು. ರೋಬೋಟುಗಳ ಕತೆಯ ಅದೇ ಹೆಸರಿನ ಸಿನಿಮಾ ಸರಣಿಯ ಮೇಲೆ ಯೂನಿವರ್ಸಲ್ ಕಟ್ಟಿದ ಮೊದಲ ರೈಡ್ ಇದು, 2011ರ ಡಿಸೆಂಬರಿನಲ್ಲಿ ಇಲ್ಲೇ ತೆರೆದದ್ದು. ಅಮೆರಿಕದ ಹಾಲಿವುಡ್ ಮತ್ತು ಫ್ಲಾರಿಡಾದಲ್ಲಿರುವ ಯೂನಿವರ್ಸಲ್ ಪಾರ್ಕುಗಳಿಗೆ ಅದು ಹೋದದ್ದು ಆಮೇಲೆ. ಹಳಿಯ ಮೇಲೆ ಓಡುವ ಬಂಡಿ ದೊಡ್ಡ ದೊಡ್ಡ ಪರದೆಗಳ ಮುಂದೆ ನಿಂತು, ವಾಲಿ, ತಿರುಗಿ, ನಾವು ಕಟ್ಟಡಗಳ ನಡುವೆ ಎಸೆಯಲ್ಪಟ್ಟಂತೆ ಭ್ರಮೆ ಹುಟ್ಟಿಸುತ್ತದೆ. ಮೂರು ಆಯಾಮದ ಕನ್ನಡಕ ಹಾಕಿಕೊಂಡು ನೋಡಬೇಕು. ನಿಜವಾದ ಇಳಿತ ಇಲ್ಲದಿರುವುದರಿಂದ ಇದು ಕೋಸ್ಟರಿಗಿಂತ ಸುಲಭವೆಂದು ಹಲವರು ತಿಳಿಯುತ್ತಾರೆ. ಹೃದಯದ ಮಟ್ಟಿಗೆ ಅದು ನಿಜವಿರಬಹುದು, ಹೊಟ್ಟೆಯ ಮಟ್ಟಿಗಲ್ಲ. ಕಣ್ಣು ಓಡುತ್ತಿದ್ದೇವೆ ಎನ್ನುವಾಗ ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಡುತ್ತಿದ್ದೇವೆ ಅಷ್ಟೇ ಎನ್ನುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿ ಹುಡುಕುವವರು ಊಟವಾದ ಕೂಡಲೇ ಇದಕ್ಕೆ ಹೋಗಬಾರದು.

ಇನ್ನು ಪ್ರಾಚೀನ ಈಜಿಪ್ಟ್. ಏಳು ವಲಯಗಳಲ್ಲಿ ಒಂದನ್ನೇ ನೋಡಲು ಬಿಟ್ಟರೆ ಯಾವುದನ್ನು ನೋಡುತ್ತೀರಿ ಎಂದು ನನ್ನನ್ನು ಕೇಳಿದರೆ ನಾನು ತಡವರಿಸದೆ ಹೇಳುವ ಹೆಸರು ಇದು. ನರಿಮುಖದ ಅನೂಬಿಸ್ ದೇವತೆಯ ಆಳೆತ್ತರಗಳನ್ನು ಮೀರಿ ನಿಂತ ವಿಗ್ರಹಗಳು, ಚಿತ್ರಲಿಪಿ ಕೆತ್ತಿದ ಕಂಬಗಳು, ಮರಳು ಬಣ್ಣದ ಗೋಡೆಗಳು, ಇವೆಲ್ಲ ಸೇರಿ ಉತ್ಖನನಗಳ ಸುವರ್ಣಯುಗವೆನಿಸಿದ 1930ರ ದಶಕದ ಈಜಿಪ್ಟನ್ನು ಕಟ್ಟಿಕೊಡುತ್ತವೆ. ಬೇರೆ ವಲಯಗಳಲ್ಲಿ ಕಟ್ಟಡ ಒಂದು ಕಡೆ, ರೈಡ್ ಒಂದು ಕಡೆ ಎನಿಸಿದರೆ ಇಲ್ಲಿ ಕತೆ ಸರತಿ ಸಾಲಿನಲ್ಲೇ ಶುರುವಾಗುತ್ತದೆ: ಗೋರಿಯೊಳಗಿನ ಮಂದ ಬೆಳಕಿನ ಓಣಿಗಳಲ್ಲಿ ನಡೆಯುತ್ತ ನಡೆಯುತ್ತ ಮನಸ್ಸು ಹೆದರಿಕೆಗೆ ಹದವಾಗುತ್ತದೆ, ಆಮೇಲೆ ಬಂಡಿ ಬರುತ್ತದೆ. ರಿವೆಂಜ್ ಆಫ್ ದ ಮಮ್ಮಿ ಕತ್ತಲೆಯಲ್ಲಿ ಓಡುವ ಒಳಾಂಗಣದ ಕೋಸ್ಟರ್. ಎತ್ತರವಾಗಲಿ ವೇಗವಾಗಲಿ ಪಕ್ಕದ ಸೈಲಾನ್‌ನಷ್ಟಿಲ್ಲ. ಮುಂದೆ ಏನಿದೆ ಎಂಬುದು ಕಾಣದಿರುವುದು, ಒಂದು ಹಂತದಲ್ಲಿ ಬಂಡಿ ನಿಂತು ಹಿಮ್ಮುಖವಾಗಿ ಚಲಿಸುವುದು, ಈ ಎರಡೇ ಉಪಾಯಗಳಿಂದ ಅದು ಗೆಲ್ಲುತ್ತದೆ. ಬಿಡದಿಯ ವಂಡರ್‌ಲಾದಲ್ಲಿ ರಿಕಾಯಿಲ್ ಹತ್ತಿದವರಿಗೆ ಹಿಮ್ಮುಖ ಓಟ ಹೊಸದಲ್ಲ. ಆದರೆ ಅದು ಬಟ್ಟಬಯಲಿನ ಬೆಳಕಿನಲ್ಲಿ ಆಗುವಂಥದ್ದು, ಇದು ಕಗ್ಗತ್ತಲೆಯಲ್ಲಿ.

ಇದೇ ವಲಯದ ಟ್ರೆಷರ್ ಹಂಟರ್ಸ್‌ನಲ್ಲಿ ಹಳೆಯ ಕಾಲದ ಜೀಪಿನಲ್ಲಿ ಕುಳಿತು ಉತ್ಖನನದ ಜಾಗವನ್ನು ನಿಧಾನವಾಗಿ ಸುತ್ತಬಹುದು. ಸಾಧಾರಣವಾದದ್ದು. ಅಣ್ಣ ಮಮ್ಮಿ ರೈಡಿನಲ್ಲಿರುವಾಗ ತಂಗಿಯನ್ನು ಸಮಾಧಾನಪಡಿಸಲು ಸಾಕು.

ಇವೆರಡು ವಲಯಗಳ ನಡುವಿನ ತೀರ್ಮಾನದಲ್ಲಿ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಿಂಗಪುರದಲ್ಲಿ ವರ್ಷವಿಡೀ ಮಳೆ ಬರುತ್ತದೆ, ಮಧ್ಯಾಹ್ನದ ಗುಡುಗುಮಳೆಯಂತೂ ಸಾಮಾನ್ಯ. ಮಿಂಚಿನ ಸೂಚನೆ ಸಿಕ್ಕ ಕೂಡಲೇ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಬ್ಯಾಟಲ್‌ಸ್ಟಾರ್ ಆಗ ಹಳಿಯಷ್ಟೇ. ಮಮ್ಮಿ ಮತ್ತು ಟ್ರಾನ್ಸ್‌ಫಾರ್ಮರ್ಸ್ ಸೂರಿನ ಕೆಳಗಿರುವುದರಿಂದ ನಡೆಯುತ್ತಲೇ ಇರುತ್ತವೆ. ಆದ್ದರಿಂದ ಬೆಳಗ್ಗೆ ಆಕಾಶ ತಿಳಿಯಾಗಿರುವಾಗ ಬ್ಯಾಟಲ್‌ಸ್ಟಾರ್ ಮುಗಿಸಿಬಿಡುವುದು ಜಾಣತನ.

ಲಾಸ್ಟ್ ವರ್ಲ್ಡ್: ಒದ್ದೆಯಾಗಲು ಸಿದ್ಧವಿದ್ದರೆ ಮಾತ್ರ

ಈ ವಲಯದಲ್ಲಿ ಎರಡು ಸಿನಿಮಾಗಳು ಒಂದೇ ಮನೆಯಲ್ಲಿ ಬಾಡಿಗೆಗಿರುವಂತೆ ಇವೆ. ಒಂದು ಕಡೆ 1993ರ ಜುರಾಸಿಕ್ ಪಾರ್ಕ್‌ನ ಕಾಡು, ಇನ್ನೊಂದು ಕಡೆ 1995ರ ವಾಟರ್‌ವರ್ಲ್ಡ್‌ನ ತುಕ್ಕು ಹಿಡಿದ ತೇಲುವ ಕೋಟೆ. ಅವುಗಳನ್ನು ಬೆಸೆಯುವುದು ನೀರು ಮಾತ್ರ.

ಜುರಾಸಿಕ್ ಪಾರ್ಕ್ ರ‍್ಯಾಪಿಡ್ಸ್ ಅಡ್ವೆಂಚರಿನಲ್ಲಿ ಬುಟ್ಟಿಯಂಥ ದುಂಡನೆಯ ತೆಪ್ಪವೊಂದು ಹೊಳೆಯ ರಭಸದಲ್ಲಿ ಗಿರಗಿರನೆ ತಿರುಗುತ್ತ ಸಾಗುತ್ತದೆ. ಹೊಗೇನಕಲ್ಲಿನಲ್ಲೋ ಹಂಪಿಯಲ್ಲೋ ಹರಿಗೋಲು ಹತ್ತಿದವರಿಗೆ ಈ ತಿರುಗುವಿಕೆ ಪರಿಚಿತವೇ. ಕೊನೆಯಲ್ಲಿ ಮಾತ್ರ ಹರಿಗೋಲಿನಲ್ಲಿಲ್ಲದ ಒಂದು ಸಂಗತಿ ಇದೆ: ಕತ್ತಲೆ ಕೋಣೆಯೊಳಗೆ ತೆಪ್ಪವನ್ನು ಲಿಫ್ಟಿನಂತೆ ಮೇಲಕ್ಕೆ ಎತ್ತಿ, ಟಿರನೋಸಾರಸ್ಸಿನ ಬಾಯಿಗೆ ಹತ್ತಿರ ತಂದು, ಅಲ್ಲಿಂದ ಕೆಳಗೆ ಜಾರಿಸುತ್ತಾರೆ. ಯಾರು ಎಷ್ಟು ನೆನೆಯುತ್ತಾರೆ ಎಂಬುದು ತೆಪ್ಪ ಯಾವ ಮುಖವಾಗಿ ಜಾರಿತು ಎಂಬುದರ ಮೇಲೆ ನಿಂತಿದೆ. ಮಳೆಕೋಟು ಇದ್ದರೂ ಚಪ್ಪಲಿ ಮತ್ತು ಪ್ಯಾಂಟಿನ ಕೆಳಭಾಗ ಉಳಿಯುವುದಿಲ್ಲ. ಸೀರೆ ಉಟ್ಟು ಬಂದ ಹಿರಿಯರನ್ನು ಒತ್ತಾಯಿಸಿ ಹತ್ತಿಸಬೇಡಿ. ಆಮೇಲೆ ಟ್ರಾನ್ಸ್‌ಫಾರ್ಮರ್ಸ್ ಕಟ್ಟಡದ ಎ.ಸಿ.ಯಲ್ಲಿ ಅವರು ನಡುಗುವುದನ್ನು ನೋಡಬೇಕಾಗುತ್ತದೆ. ಒಂದು ಜೊತೆ ಒಣಬಟ್ಟೆ ಚೀಲದಲ್ಲಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಇದು ಹಿತವಾದ ಆಯ್ಕೆ.

ಕೆನೊಪಿ ಫ್ಲೈಯರಿನ ವಿಷಯದಲ್ಲಿ ನಾನು ಉದಾರಿಯಾಗಲಾರೆ. ನಾಲ್ಕೇ ಜನ ಕೂರುವ, ತೂಗುವ ಬಂಡಿ. ಇಬ್ಬರು ಮುಂದಕ್ಕೆ, ಇಬ್ಬರು ಹಿಂದಕ್ಕೆ ಮುಖ ಮಾಡಿರುತ್ತಾರೆ. ಮರಗಳ ಮೇಲಿಂದ ಕಾಣುವ ನೋಟ ಚೆನ್ನಾಗಿದೆ, ಆದರೆ ಓಟ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ನಾಲ್ಕು ನಾಲ್ಕು ಜನರಂತೆ ಕರಗುವ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವಷ್ಟು ಅದು ಬೆಲೆಯುಳ್ಳದ್ದಲ್ಲ.

ಆದರೆ ಹಿರಿಯರಿರುವ ಕುಟುಂಬಕ್ಕೆ ಈ ವಲಯವನ್ನು ಬಿಡಬೇಡಿ ಎಂದು ನಾನು ಹೇಳುವುದಕ್ಕೆ ಕಾರಣ ವಾಟರ್‌ವರ್ಲ್ಡ್ ಪ್ರದರ್ಶನ. ಮೆಟ್ಟಿಲು ಮೆಟ್ಟಿಲಾಗಿ ಕೂರುವ ಬಯಲು ರಂಗಮಂದಿರದಲ್ಲಿ, ನೀರಿನ ಮೇಲೆ ವೇಗದ ದೋಣಿಗಳ ಬೆನ್ನಟ್ಟುವಿಕೆ, ಎತ್ತರದಿಂದ ನೀರಿಗೆ ಧುಮುಕುವ ಸಾಹಸಿಗಳು, ಬೆಂಕಿಯ ಸ್ಫೋಟ, ಕೊನೆಗೆ ಗೋಡೆಯನ್ನು ಮೀರಿ ಬಂದು ನೀರಿಗೆ ಅಪ್ಪಳಿಸುವ ವಿಮಾನ. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಯಾರು ಖಳ, ಯಾರು ನಾಯಕ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಕಂಪನಿ ನಾಟಕದ ರಂಗಸಜ್ಜಿಕೆಯ ಚಮತ್ಕಾರಗಳನ್ನು ನೋಡಿ ಬೆಳೆದ ತಲೆಮಾರಿಗೆ ಇದು ಯಾವ ರೈಡಿಗಿಂತಲೂ ಹೆಚ್ಚು ಹಿಡಿಸುತ್ತದೆ. ದಿನಕ್ಕೆ ಕೆಲವೇ ಪ್ರದರ್ಶನಗಳಿರುವುದರಿಂದ ಒಳಗೆ ಹೋದ ತಕ್ಷಣ ಅಂದಿನ ವೇಳೆಯನ್ನು ನೋಡಿಟ್ಟುಕೊಂಡು, ಉಳಿದ ಯೋಜನೆಯನ್ನು ಅದರ ಸುತ್ತ ಹೊಂದಿಸಬೇಕು. ಮುಂದಿನ ಸಾಲುಗಳು ನೀರು ಎರಚುವ ಸಾಲುಗಳೆಂದು ಗುರುತು ಹಾಕಿರುತ್ತಾರೆ; ಆ ಗುರುತನ್ನು ನಂಬಿ.

ಚಿಕ್ಕ ಮಕ್ಕಳಿಗೆ: ಫಾರ್ ಫಾರ್ ಅವೇ ಮತ್ತು ಮಿನಿಯನ್ ಲ್ಯಾಂಡ್

ಶ್ರೆಕ್ ಎಂಬ ಕಾರ್ಟೂನ್ ಸಿನಿಮಾದ ಫಾರ್ ಫಾರ್ ಅವೇಯಲ್ಲಿ 40 ಮೀಟರ್ ಎತ್ತರದ ಕೋಟೆಯೊಂದು ಕೊಳದ ಆಚೆ ದಡದಿಂದಲೂ ಕಾಣುತ್ತದೆ. ಮಿನಿಯನ್ ಲ್ಯಾಂಡಿನಲ್ಲಿ ಹಾಗೆ ದೂರದಿಂದ ಸೆಳೆಯುವ ಭವ್ಯತೆಯಿಲ್ಲ. ಅದು ಪೇಟೆ ಬೀದಿ, ಡೆಸ್ಪಿಕಬಲ್ ಮಿ ಕಾರ್ಟೂನ್ ಸಿನಿಮಾಗಳ ನಾಯಕ, ಮಿನಿಯನ್ನುಗಳ ಯಜಮಾನ ಗ್ರೂನ ಮನೆಯಿರುವ ಬಡಾವಣೆ, ಜಾತ್ರೆಯಂಥ ಆಟದ ಮೈದಾನ ಎಂದು ಮೂರು ಭಾಗಗಳಾಗಿ ಹರಡಿಕೊಂಡಿದೆ. ನೋಟಕ್ಕೆ ಕೋಟೆಯೇ ಮೇಲು. ಆದರೆ ಮಕ್ಕಳು ಕೋಟೆಯನ್ನು ಒಂದು ನಿಮಿಷ ನೋಡುತ್ತಾರೆ, ಹಳದಿ ಬಣ್ಣದ ಮಿನಿಯನ್ನುಗಳ ಹಿಂದೆ ಒಂದು ಗಂಟೆ ಓಡುತ್ತಾರೆ.

ಮೂರರಿಂದ ಐದು ವರ್ಷದವರಿಗೆ ಮಿನಿಯನ್ ಲ್ಯಾಂಡೇ ಸರಿ. ಅಲ್ಲಿನ ಬಗ್ಗಿ ಬೂಗಿ ಸಿಂಗಪುರಕ್ಕೆಂದೇ ರೂಪಿಸಿದ್ದು: ನಮ್ಮ ಜಾತ್ರೆಯ ಕುದುರೆ ರಾಟೆಯ ದೂರದ ಸಂಬಂಧಿ, ಆದರೆ ಕುದುರೆಯ ಬದಲು ಮಿನಿಯನ್ನುಗಳು, ಸುಮ್ಮನೆ ಕೂರುವ ಬದಲು ಹಾಡಿಗೆ ಕೈಕಾಲು ಆಡಿಸುವುದು. ಸಿಲ್ಲಿ ಸ್ವರ್ಲಿ ಮೆಲ್ಲನೆ ಸುತ್ತುವ ಆಟ. ಡೆಸ್ಪಿಕಬಲ್ ಮಿ ಮಿನಿಯನ್ ಮೇಹೆಮ್ ಪರದೆಯ ಮುಂದೆ ಸೀಟು ಅಲುಗಾಡುವ ಜಾತಿಯದು. ಅದನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಬಿಡಿ. ಹೊಸ ವಲಯವಾದ್ದರಿಂದ ಬಾಗಿಲು ತೆರೆದ ಕೂಡಲೇ ಜನ ಇತ್ತಲೇ ಹರಿಯುತ್ತಾರೆ. ಚಿಕ್ಕ ಮಕ್ಕಳಿರುವವರು ಆ ಹರಿವಿನ ಮುಂದಿರಬೇಕು, ಉಳಿದವರು ಎದುರು ದಿಕ್ಕಿಗೆ ಹೋಗಬೇಕು.

ಆರು ವರ್ಷದಿಂದ ಹತ್ತರವರೆಗಿನವರಿಗೆ ಫಾರ್ ಫಾರ್ ಅವೇ ಹೆಚ್ಚು ತೂಕದ್ದು. ಎನ್‌ಚಾಂಟೆಡ್ ಏರ್‌ವೇಸ್ ಮಗುವಿನ ಮೊದಲ ರೋಲರ್ ಕೋಸ್ಟರ್ ಆಗಲು ಹೇಳಿ ಮಾಡಿಸಿದಂತಿದೆ: ಹೆದರಿಸುತ್ತದೆ, ಆದರೆ ಅಳಿಸುವುದಿಲ್ಲ. 2015ರಲ್ಲಿ ಬಂದ ಪುಸ್ ಇನ್ ಬೂಟ್ಸ್ ತೂಗುವ ಕೋಸ್ಟರ್. ಬೆಕ್ಕಿನ ಜೊತೆ ದೈತ್ಯ ಬಳ್ಳಿ ಹತ್ತಿ ಚಿನ್ನದ ಮೊಟ್ಟೆ ಹುಡುಕುವ ಕತೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ಹತ್ತಬಹುದಾದ ಕೋಸ್ಟರ್ ಈ ಪಾರ್ಕಿನಲ್ಲಿ ಇದ್ದರೆ ಅದು ಇದೇ, ಅಜ್ಜಿಯ ಬೆನ್ನು ಗಟ್ಟಿಯಾಗಿದ್ದರೆ.

ಹಾಲಿವುಡ್, ನ್ಯೂಯಾರ್ಕ್

ಹಾಲಿವುಡ್ ವಲಯ ಅಂಗಡಿಗಳ ಬೀದಿ. ಚೆಂದದ ಬೀದಿ, ಮೇಲೆ ವಿಶಾಲವಾದ ಚಾವಣಿ ಇರುವುದರಿಂದ ಮಳೆ ಬಿಸಿಲಿಗೆ ಆಸರೆ. ಅದಕ್ಕಿಂತ ಹೆಚ್ಚಿಗೆ ಬೆಳಗಿನ ಹೊತ್ತನ್ನು ಅಲ್ಲಿ ಕಳೆಯಲು ಕಾರಣವಿಲ್ಲ.

ನ್ಯೂಯಾರ್ಕ್ ವಲಯಕ್ಕೆ ಒಂದು ವಿಶೇಷವಿದೆ. ಉಳಿದ ವಲಯಗಳು ಒಂದೊಂದು ಕತೆಯನ್ನು ಹೇಳಿದರೆ ಇದು ಸಿನಿಮಾ ತೆಗೆಯುವ ಕೆಲಸವನ್ನೇ ವಿಷಯ ಮಾಡಿಕೊಂಡಿದೆ. ಜುರಾಸಿಕ್ ಪಾರ್ಕ್ ಸಿನಿಮಾದ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಪರದೆಯ ಮೇಲೆ ಬಂದು ಪರಿಚಯಿಸುವ ಪ್ರದರ್ಶನದಲ್ಲಿ ನ್ಯೂಯಾರ್ಕಿಗೆ ಚಂಡಮಾರುತ ಅಪ್ಪಳಿಸುವ ದೃಶ್ಯವನ್ನು ನಿಜವಾದ ಬೆಂಕಿ, ನೀರು, ಕುಸಿಯುವ ವಸ್ತುಗಳಿಂದ ನಮ್ಮ ಕಣ್ಣೆದುರೇ ಕಟ್ಟಿ ತೋರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಸಾಲೂ ಬೇಗ ಕರಗುತ್ತದೆ. ಹತ್ತಿರದಲ್ಲೇ ಇರುವ ಸೆಸಮಿ ಸ್ಟ್ರೀಟ್ ರೈಡ್ ಸೌಮ್ಯವಾದದ್ದು. ಸೆಸಮಿ ಸ್ಟ್ರೀಟ್ ಆಗಲಿ ಬ್ಯಾಟಲ್‌ಸ್ಟಾರ್ ಆಗಲಿ ಮೂಲತಃ ದೂರದರ್ಶನದ ಸರಣಿಗಳು. ಸಿನಿಮಾ ಪಾರ್ಕಿನ ಅತಿ ಎತ್ತರದ ಕೋಸ್ಟರ್ ಸಿನಿಮಾದ್ದಲ್ಲ ಎಂಬುದು ಸಣ್ಣ ತಮಾಷೆ.

ದಿನ ಮತ್ತು ದಾರಿ

ಸಿಂಗಪುರದ ಶಾಲೆಗಳಿಗೆ ಮೇ ಕೊನೆಯಿಂದ ಜೂನ್‌ವರೆಗೆ ಮತ್ತು ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ ದೀರ್ಘ ರಜೆ. ನಮ್ಮ ಬೇಸಿಗೆ ರಜೆಯ ಏಪ್ರಿಲ್ ಹಾಗೂ ಮೇ ಮೊದಲ ಭಾಗ ಅದಕ್ಕೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ಆದ್ದರಿಂದ ಆ ವಾರಗಳ ಮಂಗಳವಾರ, ಬುಧವಾರಗಳು ಉತ್ತಮ. ದಸರಾ ರಜೆಯಲ್ಲಿ ಹೋಗುವವರು ಎರಡು ಸಂಗತಿ ನೋಡಿಕೊಳ್ಳಬೇಕು: ಅಕ್ಟೋಬರ್ ಮೊದಲ ವಾರ ಚೀನಾದಲ್ಲಿ ರಾಷ್ಟ್ರೀಯ ರಜೆ, ಜೊತೆಗೆ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಆಯ್ದ ಸಂಜೆಗಳಲ್ಲಿ ಹ್ಯಾಲೊವೀನ್ ಕಾರ್ಯಕ್ರಮ ನಡೆಯುತ್ತದೆ. ಅದಕ್ಕೆ ಟಿಕೆಟ್ ಬೇರೆ, ಆ ದಿನಗಳಲ್ಲಿ ಹಗಲಿನ ಪಾರ್ಕು ಬೇಗ ಮುಚ್ಚುತ್ತದೆ. ಅಂಥ ದಿನ ಹೋದರೆ ಏಳು ವಲಯಗಳಲ್ಲಿ ಎರಡನ್ನು ಮೊದಲೇ ಮನಸ್ಸಿನಿಂದ ತೆಗೆದುಹಾಕಿ.

ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸಿಗೆ ಬೇರೆ ಹಣ ಕೊಡಬೇಕು. ಎಡಭಾಗದ ವಲಯಗಳಲ್ಲೇ ದಿನ ಕಳೆಯುವವರಿಗೆ ಅದು ದಂಡ. ಯುವಕರ ಗುಂಪು ಜನಜಂಗುಳಿಯ ದಿನ ಹೋಗುತ್ತಿದ್ದರೆ ಮಾತ್ರ ಯೋಚಿಸಬಹುದು. ಒಬ್ಬೊಬ್ಬರಾಗಿ ಕೂರಲು ಒಪ್ಪುವವರಿಗೆ ಕೆಲವು ದೊಡ್ಡ ರೈಡ್‌ಗಳಲ್ಲಿ ಪ್ರತ್ಯೇಕ ಸಾಲೂ ಇರುತ್ತದೆ.

ಹೀಗಾಗಿ ಯುವಕರು ಬಲಕ್ಕೆ ತಿರುಗಿ ಸೈಲಾನ್, ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ ಈ ಕ್ರಮದಲ್ಲಿ ಬೆಳಗನ್ನು ಕಳೆಯಲಿ. ಪುಟ್ಟ ಮಕ್ಕಳ ತಂದೆತಾಯಂದಿರು ಎಡಕ್ಕೆ ತಿರುಗಿ ಮಿನಿಯನ್ ಲ್ಯಾಂಡ್, ಫಾರ್ ಫಾರ್ ಅವೇ ಮುಗಿಸಿ ವಾಟರ್‌ವರ್ಲ್ಡ್ ಪ್ರದರ್ಶನಕ್ಕೆ ಬರಲಿ. ಮೂರು ತಲೆಮಾರು ಒಟ್ಟಿಗೆ ಹೋಗಿದ್ದರೆ ಬೆಳಗ್ಗೆಯೇ ಎರಡು ತಂಡವಾಗಿ ಒಡೆದು, ಕೊಳದ ಎರಡೂ ಬದಿಯಿಂದ ಬಂದು ವಾಟರ್‌ವರ್ಲ್ಡ್‌ನ ಬಾಗಿಲಲ್ಲಿ ಸೇರುವುದು ಸುಲಭ. ಲಾಸ್ಟ್ ವರ್ಲ್ಡ್ ಎರಡು ದಾರಿಗಳಿಗೂ ಹೆಚ್ಚುಕಡಿಮೆ ನಡುವೆಯೇ ಇದೆ. ಪಕ್ಕದ ಈಜಿಪ್ಟ್ ವಲಯದ ಓಯಸಿಸ್ ಸ್ಪೈಸ್ ಕೆಫೆಯಲ್ಲಿ ಭಾರತೀಯ ಮತ್ತು ಅರಬ್ ಅಡುಗೆ ಸಿಗುವುದರಿಂದ ಊಟಕ್ಕೂ ಅದೇ ಅನುಕೂಲದ ಜಾಗ.

ಮುಚ್ಚುವ ಹೊತ್ತಿಗೆ ಒಂದು ಗಂಟೆ ಮುಂಚೆ, ಮಕ್ಕಳಿರುವ ಕುಟುಂಬಗಳು ಹೊರಟಾಗ ಮಮ್ಮಿ ರೈಡಿನ ಸಾಲು ತಗ್ಗುತ್ತದೆ. ಎರಡನೆಯ ಬಾರಿ ಹತ್ತಬೇಕೆನ್ನುವವರಿಗೆ ಅದೇ ಸಮಯ. ಆ ವೇಳೆಗೆ ಹಿರಿಯರು ಹಾಲಿವುಡ್‌ನ ಚಾವಣಿಯ ಕೆಳಗೆ ಕುಳಿತಿರಲಿ, ಕೊಳ್ಳುವುದೇನಾದರೂ ಇದ್ದರೆ ಆಗಲೇ ಕೊಳ್ಳಲಿ. ಹೊರಗೆ ಬಂದು ಸೆಂಟೋಸಾ ಎಕ್ಸ್‌ಪ್ರೆಸ್ ರೈಲು ಹಿಡಿದರೆ ವಿವೊಸಿಟಿ ಮಾಲ್. ಅದರ ಕೆಳಗಿನ ಹಾರ್ಬರ್‌ಫ್ರಂಟ್ ನಿಲ್ದಾಣದಿಂದ ನೇರಳೆ ಬಣ್ಣದ ಮೆಟ್ರೊ ಮಾರ್ಗ ಎಲ್ಲಿಯೂ ಬದಲಾಯಿಸದೆ ಲಿಟಲ್ ಇಂಡಿಯಾಕ್ಕೆ ಒಯ್ಯುತ್ತದೆ. ಸಿರಂಗೂನ್ ರಸ್ತೆಯಲ್ಲಿ ಆ ಹೊತ್ತಿನಲ್ಲೂ ಬಿಸಿ ದೋಸೆ ಸಿಗುತ್ತದೆ.